ದಾರ ಮೊದಲು, ಕಂಬ ಆಮೇಲೆ

ನನ್ನ ಮೊದಲ ಟೈಗರ್ ಮಾತ್ ಮಾದರಿ ವಿಮಾನ ಈಗಲೂ ಕಪಾಟಿನ ಮೇಲಿದೆ. ಎದುರಿನಿಂದ ನೋಡಿದರೆ ಮೇಲಿನ ರೆಕ್ಕೆಯ ಬಲತುದಿ ಸ್ವಲ್ಪ ಸೊಟ್ಟ. ಮನೆಗೆ ಬಂದವರಿಗೆ ಗೊತ್ತಾಗುವುದಿಲ್ಲ. ನನಗೆ ಮಾತ್ರ ಅದೊಂದೇ ಕಾಣುತ್ತದೆ.

1931ರಲ್ಲಿ ಮೊದಲು ಹಾರಿದ ಬ್ರಿಟಿಷ್ ತರಬೇತಿ ವಿಮಾನ ಟೈಗರ್ ಮಾತ್. ನಮ್ಮ ವಾಯುಪಡೆಯ ಹಳಬರೂ ಇದರಲ್ಲೇ ಹಾರಲು ಕಲಿತರು. ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಕಂಬಗಳು, ಅಂದರೆ ಸ್ಟ್ರಟ್‌ಗಳು, ಓರೆಯಾಗಿ ಎಳೆದು ಕಟ್ಟಿದ ತಂತಿಗಳು. ನಾನು ಕಟ್ಟುವುದು 1/48 ಅಳತೆಯ ಪ್ಲಾಸ್ಟಿಕ್ ಕಿಟ್. ಅಸಲಿ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್, ಮಾದರಿಯಲ್ಲಿ ಅದು 18.6 ಸೆಂಟಿಮೀಟರ್.

ಅಸಲಿ ವಿಮಾನದಲ್ಲಿ ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ಕೆಲವು ತಂತಿ ಹಿಡಿಯುತ್ತವೆ. ನೆಲದಲ್ಲಿ ನಿಂತಾಗ ಜೋತುಬೀಳದಂತೆ ಬೇರೆ ಕೆಲವು. ತಂತಿ ಎಳೆಯುತ್ತದೆ, ಕಂಬ ಆ ಎಳೆತ ತಾಳಿಕೊಳ್ಳುತ್ತದೆ. ಗೇಣಗಲದ ಮಾದರಿಯಲ್ಲೂ ಇದೇ ನಡೆಯುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ.

ಮೊದಲು ಹೊಲಿಗೆ ದಾರ ಹಾಕಿ ನೋಡಿದೆ. ಜುಂಗು ಏಳುತ್ತದೆ, ವಿಮಾನಕ್ಕೆ ಮೀಸೆ ಬಂದ ಹಾಗೆ. ಮೇಣ ಸವರಿದರೂ ಅಷ್ಟೇ. ಗಿಟಾರಿನ ಅತಿ ತೆಳು ತಂತಿ 0.23 ಮಿಲಿಮೀಟರ್, 48ರಿಂದ ಗುಣಿಸಿದರೆ ಅಸಲಿ ವಿಮಾನದಲ್ಲಿ ಹನ್ನೊಂದು ಮಿಲಿಮೀಟರ್ ದಪ್ಪದ ಸರಳು! ಕೊನೆಗೆ ಗಾಳದ ನೈಲಾನ್ ದಾರ, 0.12 ಮಿಲಿಮೀಟರಿನದು. ಗುಣಿಸಿದರೆ ಆರು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಕಣ್ಣು ಒಪ್ಪಿತು.

ಪಿನ್ ವೈಸ್ ಎಂಬ ಪುಟ್ಟ ಕೈಡ್ರಿಲ್‌ಗೆ 0.3 ಮಿಲಿಮೀಟರಿನ ಬಿಟ್ ಹಾಕಿ ಕೆಳರೆಕ್ಕೆಗೆ ತೂತು ಕೊರೆದೆ. ದಾರದ ಒಂದು ತುದಿ ಮೇಲೆ ಅಂಟಿಸಿ, ಇನ್ನೊಂದನ್ನು ತೂತಿನಿಂದ ಕೆಳಗೆ ಇಳಿಸಿ, ಬಟ್ಟೆ ಕ್ಲಿಪ್ ನೇತುಹಾಕಿ, ಒಂದು ಚುಕ್ಕೆ ಫೆವಿಕ್ವಿಕ್. ಉಳಿದ ಸಡಿಲ ತೆಗೆಯಲು ಊದುಬತ್ತಿ. ಹೊತ್ತಿಸಿ, ಜ್ವಾಲೆ ಆರಿಸಿ, ಕೆಂಡವನ್ನು ದಾರದಿಂದ ಅರ್ಧ ಸೆಂಟಿಮೀಟರ್ ದೂರದಲ್ಲಿ ಮೆಲ್ಲಗೆ ಸರಿಸಬೇಕು. ನೈಲಾನ್ ಕಣ್ಣೆದುರೇ ಸೆಟೆದು ನಿಲ್ಲುತ್ತದೆ. ತಾಗಿತೋ, ಕಡಿಯಿತು. ಈ ಆಟದ ಮಜಾಕ್ಕೆ ಬಿದ್ದು ಎಲ್ಲ ದಾರಕ್ಕೂ ಎರಡೆರಡು ಸಲ ಕೆಂಡ ತೋರಿಸಿದೆ. ಬೆಳಗ್ಗೆ ನೋಡಿದರೆ ಕಿಟ್‌ನ ಪ್ಲಾಸ್ಟಿಕ್ ಕಂಬಗಳು ಬಿಲ್ಲಿನ ಹಾಗೆ ಬಾಗಿ, ರೆಕ್ಕೆ ತಿರುಚಿಕೊಂಡಿತ್ತು.

ಎರಡನೆಯದಕ್ಕೆ ಕಂಬಗಳನ್ನೇ ಬದಲಿಸಿದೆ. ಹಿತ್ತಾಳೆ ಕೊಳವೆಯನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಲು ಹೋದೆ, ಒಂದರ ಹಾಗೆ ಇನ್ನೊಂದು ಬರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಅದೇ ಊದುಬತ್ತಿಯ ಕಡ್ಡಿ. ಬಿದಿರು, ನೇರ ಎಳೆ, ಎಳೆತಕ್ಕೆ ಜಗ್ಗುವುದಿಲ್ಲ. ಸುಮಾರು 1.3 ಮಿಲಿಮೀಟರ್ ಇರುವ ಕಡ್ಡಿ ಆರಿಸಿ, 400 ನಂಬರಿನ ಸ್ಯಾಂಡ್ ಪೇಪರ್ ಮೇಲೆ ಎರಡು ಬದಿ ಉಜ್ಜಿ, ಮುಂದೆ ದುಂಡಗೆ ಹಿಂದೆ ಚೂಪಾಗಿ ಬರುವಂತೆ ಮಾಡಿದೆ. ತುದಿಗೆ ಮೊಳೆ ಕೂರಿಸಲು ತೂತು ಕೊರೆಯಹೋದರೆ ಸೀಳುತ್ತದೆ. ತುದಿಯನ್ನೇ ತೆಳ್ಳಗೆ ಕೆತ್ತಿ ರೆಕ್ಕೆಯ ಗುಳಿಯಲ್ಲಿ ಕೂರಿಸಿದೆ. ಇನ್ನೊಂದು ವಿಷಯ: ಹಿಡಿಯುವ ತುದಿಗೆ ಗುಲಾಬಿ ಬಣ್ಣ ಇರುವ ಕಡ್ಡಿ ಬೇಡ. ನನ್ನ ಹಳದಿ ಪೇಂಟಿನೊಳಗಿಂದ ಆ ಗುಲಾಬಿ ವಾರದೊಳಗೆ ಮೇಲೆದ್ದು ಬಂತು.

“ದೇವ್ರ ಮುಂದಿಟ್ಟಿದ್ದ ಕಟ್ಟು ಎಲ್ಲೋಯ್ತೋ?” ಅಂತ ಅಮ್ಮ ಕೇಳಿದಾಗ ಉತ್ತರ ಕೊಡೋದು ಮಾತ್ರ ಕಷ್ಟವಾಯಿತು.

ಒಂದು ಕಡೆ ಮಾತ್ರ ಬಿದಿರು ಬೇಡ ಅನ್ನಿಸಿತು. ಮುಂದಿನ ಸೀಟಿನವನು ಪ್ಯಾರಾಚೂಟ್ ಕಟ್ಟಿಕೊಂಡು ಹೊರಬರಲು ಜಾಗವಾಗಲೆಂದು ಟೈಗರ್ ಮಾತ್‌ನ ಮೇಲ್ರೆಕ್ಕೆಯನ್ನು ಮುಂದಕ್ಕೆ ತಳ್ಳಿದ್ದಾರೆ. ತೂಕ ಸರಿದೂಗಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದ್ದಾರೆ. ಹಾಗಾಗಿ ನಡುವಿನ ಗಿಡ್ಡ ಕಂಬಗಳು ಮುಂದಕ್ಕೆ ವಾಲಿವೆ. ಆ ಕೋನ ಕೈಯಲ್ಲಿ ಕೆತ್ತಿ ಹೊಂದಿಸುವುದು ತಲೆನೋವು. ಅಲ್ಲಿ ಕಿಟ್‌ನವೇ ಇರಲಿ. ರಟ್ಟಿನ ಜಿಗ್, ಅಂದರೆ ಅಲುಗದಂತೆ ಹಿಡಿಯುವ ಚೌಕಟ್ಟು, ಮಾಡಿ ರೆಕ್ಕೆ ನಿಲ್ಲಿಸಿ, ಒಂದು ರಾತ್ರಿ ಒಣಗಲು ಬಿಟ್ಟೆ.

ಮೂರನೆಯದಕ್ಕೆ ಹಿಗ್ಗುವ ಲೈಕ್ರಾ ದಾರ ತರಿಸಿದೆ. ನಾಲ್ಕೈದು ಪಟ್ಟು ಎಳೆದರೂ ಮತ್ತೆ ತನ್ನ ಅಳತೆಗೆ ಬರುತ್ತದೆ. ಕಂಬದ ಮೇಲೆ ಭಾರ ಅಷ್ಟಾಗಿ ಬೀಳುವುದಿಲ್ಲ, ಹಾಗಾಗಿ ಕಿಟ್‌ನ ಪ್ಲಾಸ್ಟಿಕ್ಕೇ ಸಾಕು. ಅದಕ್ಕೇ ಈಗ ನಾನು ದಾರ ತೀರ್ಮಾನಿಸಿದ ಮೇಲೇ ಕಂಬ ಆರಿಸುವುದು. ನೈಲಾನ್ ಆದರೆ ಬಿದಿರು, ಲೈಕ್ರಾ ಆದರೆ ಪ್ಲಾಸ್ಟಿಕ್. ಲೈಕ್ರಾವನ್ನು ಸ್ವಲ್ಪವೇ ಎಳೆದು ಅಂಟಿಸಬೇಕು. ಜಾಸ್ತಿ ಎಳೆದರೆ ತೆಳುವಾಗಿ ಮಾಯವಾಗುತ್ತದೆ. ಕಪ್ಪು ಬಣ್ಣದ್ದು ಬೇಡ, ಸಣ್ಣ ಮಾದರಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ, ಬೂದು ತಗೊಳ್ಳಿ. ಅಸಲಿ ತಂತಿ ದುಂಡಗಿನದೂ ಅಲ್ಲ, ಗಾಳಿ ಸೀಳುವಂಥ ಚಪ್ಪಟೆ ಉಕ್ಕಿನದು.

ನೋಟಕ್ಕೆ ನನಗೆ ಈಗಲೂ ನೈಲಾನೇ ಇಷ್ಟ, ಆ ಸೆಟೆದ ಗೆರೆ ಬೇರೆಯದರಲ್ಲಿ ಬರುವುದಿಲ್ಲ. ಆದರೆ ಹೋದ ತಿಂಗಳು ಧೂಳು ಒರೆಸುವಾಗ ಬ್ರಷ್ ಸಿಕ್ಕಿಹಾಕಿಕೊಂಡು ಎರಡನೆಯ ವಿಮಾನದ ಎರಡು ದಾರ ಬುಡಸಮೇತ ಕಿತ್ತು ಬಂದವು. ಮೂರನೆಯದರ ತಂತಿಗಳನ್ನು ಮಗಳು ವೀಣೆಯ ಹಾಗೆ ಮೀಟಿ ಹೋಗಿದ್ದಾಳೆ, ಇನ್ನೂ ನೆಟ್ಟಗಿವೆ.