ಕಿಟಕಿಯ ಬೆಳಕಿನಲ್ಲಿ ಕಪ್ಪು-ಬಿಳುಪು ಚಿತ್ರ ಬರೀ ಬೂದಾಗುತ್ತಿತ್ತು

ಕಿಟಕಿಯ ಪಕ್ಕದ ಮೇಜಿನ ಮೇಲೆ ಬಿಳಿ ಪಿಂಗಾಣಿ ಹೂಜಿ, ಎರಡು ಸೇಬು. ಕಪ್ಪು-ಬಿಳುಪಿನಲ್ಲಿ ತೆಗೆದರೆ ಎಲ್ಲವೂ ಒಂದೇ ಬೂದು. ಹೂಜಿ ಗೋಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆ.

ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿದೆ: ಬಿಳುಪು ಸುಟ್ಟುಹೋಯಿತು, ನೆರಳು ಪೇಲವವಾಗಿಯೇ ಉಳಿಯಿತು. ಎಲ್ಲರೂ ಹೇಳುವಂತೆ ಎದುರು ಬದಿಗೆ ಬಿಳಿ ಥರ್ಮೋಕೋಲ್ ಇಟ್ಟೆ, ಇನ್ನಷ್ಟು ಸಪ್ಪೆಯಾಯಿತು.

ತೊಂದರೆ ಇದ್ದದ್ದು ಕೋಣೆಯ ಬಿಳಿ ಗೋಡೆಗಳಲ್ಲಿ. ಕಿಟಕಿಯ ಬೆಳಕನ್ನು ಹಿಂದಕ್ಕೆ ಎಸೆದು ಅವು ನೆರಳನ್ನೆಲ್ಲ ತುಂಬಿಬಿಡುತ್ತಿದ್ದವು. ಮೊದಲು ದೀಪಗಳನ್ನು ಆರಿಸಿ. ಬೆಳಕು ಒಂದೇ ಕಿಟಕಿಯಿಂದ, ಪಕ್ಕದಿಂದ ಬರಲಿ. ನೇರ ಬಿಸಿಲು ಬೇಡ. ಈಗ ಕಿಟಕಿಗೆ ಎದುರು ಬದಿಯಲ್ಲಿ, ಹೂಜಿಯಿಂದ ಒಂದು ಗೇಣು ದೂರಕ್ಕೆ, ಚಿತ್ರದ ಚೌಕಟ್ಟಿನ ಹೊರಗೆ ಕಪ್ಪು ರಟ್ಟು ನಿಲ್ಲಿಸಿ. ಕಪ್ಪು ಬಟ್ಟೆಯೂ ಆದೀತು, ಆದರೆ ಹೊಳೆಯಬಾರದು. ಹೂಜಿಯ ನೆರಳಿನ ಬದಿ ಆ ಕ್ಷಣವೇ ಆಳವಾಗುತ್ತದೆ.

ಟ್ರೈಪಾಡ್ ಮೇಲೆ ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸಂವೇದನೆ), ಎಫ್/8 (ಲೆನ್ಸಿನ ರಂಧ್ರದ ಅಳತೆ), ಅಪರ್ಚರ್ ಪ್ರಯಾರಿಟಿ (ಶಟರ್ ವೇಗವನ್ನು ಕ್ಯಾಮೆರಾ ತಾನೇ ಆರಿಸುವ ವಿಧಾನ), ಎಕ್ಸ್‌ಪೋಷರ್ ಕಾಂಪೆನ್ಸೇಷನ್ −2/3 (ಕ್ಯಾಮೆರಾ ಅಳೆದದ್ದಕ್ಕಿಂತ ಸ್ವಲ್ಪ ಗಾಢವಾಗಿ), 2 ಸೆಕೆಂಡಿನ ಟೈಮರ್. ಶಟರ್ ನನಗೆ 1/4 ಸೆಕೆಂಡಿಗೆ ಬಂತು. ಕಡತ ರಾ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ ಕಡತ) ಇರಲಿ, ತೆರೆಯಲ್ಲಿ ಮಾತ್ರ ಮೊನೊಕ್ರೋಮ್ (ಕಪ್ಪು-ಬಿಳುಪು): ಬಣ್ಣದ ಮಾಹಿತಿ ಉಳಿಯುವುದರಿಂದ ಸೇಬಿನ ಕೆಂಪನ್ನು ಆಮೇಲೆ ಬೇರೆಯಾಗಿ ಗಾಢಗೊಳಿಸಬಹುದು.

ಹೂಜಿಯ ಅಂಚು ಹಿನ್ನೆಲೆಯಲ್ಲಿ ಕರಗಿದರೆ ರಟ್ಟನ್ನು ನಾಲ್ಕು ಬೆರಳಷ್ಟು ದೂರ ಸರಿಸಿ.