ಬಿ.ಪಿ., ಸಕ್ಕರೆ ಕಾಯಿಲೆ ತಡೆಯುವ ಯೋಜನೆಗೆ ಸರ್ಕಾರಿ ಅನುದಾನ ಪಡೆಯುವ ಬಗೆ

ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಗ್ರಾಮ ಪಂಚಾಯತಿಗಳಾಗಲಿ, ಸ್ವಸಹಾಯ ಸಂಘಗಳಾಗಲಿ, ಸೇವಾ ಸಂಸ್ಥೆಗಳಾಗಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ ಕ್ಯಾನ್ಸರ್‌ಗಳನ್ನು ತಡೆಯುವ ಕೆಲಸಕ್ಕೆ ಹಣ ಕೇಳಲು ಹೊರಟಾಗ ಸಾಮಾನ್ಯವಾಗಿ ಬರೆಯುವುದು ಒಂದು ದಿನದ ಉಚಿತ ತಪಾಸಣಾ ಶಿಬಿರದ ಅರ್ಜಿಯನ್ನು. ಶಿಬಿರದಿಂದ ರೋಗ ಪತ್ತೆಯಾಗುತ್ತದೆ, ಆದರೆ ಹತೋಟಿಗೆ ಬರುವುದಿಲ್ಲ. ಪತ್ತೆಯಾದವರು ಮುಂದಿನ ತಿಂಗಳು ಗುಳಿಗೆ ಪಡೆದರೇ, ಆರು ತಿಂಗಳ ನಂತರ ಅವರ ಒತ್ತಡ ಎಷ್ಟಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಪ್ರಸ್ತಾವನೆಯನ್ನೇ ಸಿದ್ಧಪಡಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸರ್ಕಾರ ಈಗಾಗಲೇ ಯಾವುದಕ್ಕೆ ಖರ್ಚು ಮಾಡುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು. 2010ರಲ್ಲಿ ದೇಶದ 100 ಜಿಲ್ಲೆಗಳಲ್ಲಿ ಆರಂಭವಾದ ಅಸಾಂಕ್ರಾಮಿಕ (ಒಬ್ಬರಿಂದ ಒಬ್ಬರಿಗೆ ಹರಡದ) ರೋಗಗಳ ರಾಷ್ಟ್ರೀಯ ಕಾರ್ಯಕ್ರಮವು ಇಂದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ನಡೆಯುತ್ತಿದ್ದು, ಅದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಭರಿಸುತ್ತವೆ. 30 ವರ್ಷ ದಾಟಿದವರ ತಪಾಸಣೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ನಮೂನೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಉಚಿತ ಗುಳಿಗೆ ಇವೆಲ್ಲ ಅದರ ಭಾಗ. 2024ರಲ್ಲಿ ಕೋಲಾರದಿಂದ ಆರಂಭಗೊಂಡ ರಾಜ್ಯದ ಗೃಹ ಆರೋಗ್ಯ ಯೋಜನೆಯೂ ಇದೇ ದಾರಿಯದು. ಇದೇ ಕೆಲಸಕ್ಕೆ ನೀವು ಮತ್ತೊಮ್ಮೆ ಹಣ ಕೇಳಿದರೆ ಅರ್ಜಿ ಮೊದಲ ಮೇಜಿನಲ್ಲಿಯೇ ನಿಲ್ಲುತ್ತದೆ.

ಆದ್ದರಿಂದ ಪ್ರಸ್ತಾವನೆ ಬರೆಯುವ ಮುನ್ನ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರನ್ನೂ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯವರನ್ನೂ ಕಂಡು ನಾಲ್ಕು ಅಂಕಿಗಳನ್ನು ಪಡೆಯಿರಿ: ಊರಿನಲ್ಲಿ 30 ದಾಟಿದವರೆಷ್ಟು, ತಪಾಸಣೆಯಾದವರೆಷ್ಟು, ಚಿಕಿತ್ಸೆಯಲ್ಲಿರುವವರೆಷ್ಟು, ಹತೋಟಿಯಲ್ಲಿರುವವರೆಷ್ಟು. ಈ ಅಂಕಿಗಳ ನಡುವೆ ಎಲ್ಲಿ ಹೆಚ್ಚು ಜನ ಕೈತಪ್ಪುತ್ತಿದ್ದಾರೋ ಅಲ್ಲಿ ನಿಮ್ಮ ಯೋಜನೆ ಇರಬೇಕು. ಬೆಳಗ್ಗೆಯಿಂದ ಮಗ್ಗದ ಮುಂದೆ ಕೂರುವ ಬೆಟಗೇರಿಯ ನೇಕಾರರಿಗೆ, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲರಿಗೆ, ಹುಬ್ಬಳ್ಳಿಯ ಆಟೊ ಚಾಲಕರಿಗೆ ಆಸ್ಪತ್ರೆಯ ಹೊರರೋಗಿ ವಿಭಾಗದ ಸಮಯವೆಂದರೆ ದುಡಿಮೆಯ ಸಮಯ. ಗುಳಿಗೆ ಪುಕ್ಕಟೆ ಸಿಕ್ಕರೂ ಅದಕ್ಕಾಗಿ ಅರ್ಧ ದಿನದ ಕೂಲಿ ಬಿಡಬೇಕಾಗುತ್ತದೆ. ವೈದ್ಯಾಧಿಕಾರಿಯವರ ಒಪ್ಪಿಗೆಯೊಂದಿಗೆ ಈ ದುಡಿಯುವವರ ಓಣಿಯಲ್ಲಿಯೋ ಮಾರುಕಟ್ಟೆಯ ಆವರಣದಲ್ಲಿಯೋ ವಾರಕ್ಕೊಂದು ಸಂಜೆ ಒತ್ತಡ ಅಳೆದು ತಿಂಗಳ ಗುಳಿಗೆ ತಲುಪಿಸುವ ಯೋಜನೆಯು ಹತ್ತು ಶಿಬಿರಗಳಿಗಿಂತ ಹೆಚ್ಚು ಪ್ರಯೋಜನಕಾರಿ. ಉಪ್ಪಿನ ವಿಷಯವನ್ನೂ ಹೀಗೆಯೇ ಸ್ಥಳೀಯವಾಗಿ ಬರೆಯಿರಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಉಪ್ಪು ರೊಟ್ಟಿಗಿಂತ ಹೆಚ್ಚಾಗಿ ಅದರ ಜೊತೆಗಿನ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ಸಂಜೆಯ ಮಿರ್ಚಿ ಭಜಿಗಳಲ್ಲಿ ಒಳಹೋಗುವುದರಿಂದ, ಅವನ್ನು ಹೆಸರಿಸದ ತಿಳಿವಳಿಕೆ ಕಾರ್ಯಕ್ರಮದಿಂದ ಫಲವಿಲ್ಲ. ಗುಟ್ಕಾ, ತಂಬಾಕಿನ ಮಾತನ್ನು ಶಾಲೆಯಿಂದಲೇ ಆರಂಭಿಸುವುದು ಒಳ್ಳೆಯದು.

ಹಣದ ಮೂಲಗಳಲ್ಲಿ ಹತ್ತಿರದ ಸಣ್ಣ ನಿಧಿಗಳಿಂದ ಆರಂಭಿಸಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗಿನ ಮುಕ್ತ ನಿಧಿಗೆ (ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾದ ಹಣಕ್ಕೆ) ಅವಕಾಶವಿದೆ. ಅದು ಚಿಕ್ಕ ಮೊತ್ತವೇ ಆದರೂ ಒಂದು ಒಳ್ಳೆಯ ಬಿ.ಪಿ. ಯಂತ್ರಕ್ಕೂ ದಾಖಲೆ ಪುಸ್ತಕಗಳಿಗೂ ಸಾಲುತ್ತದೆ. ಆರೋಗ್ಯ ಮಂದಿರದ ಜನ ಆರೋಗ್ಯ ಸಮಿತಿಯ ನಿಧಿ ಇನ್ನೊಂದು ಮೂಲ. ಪಂಚಾಯತಿಯ ಹಣದ ವಿಷಯದಲ್ಲಿ ಎಚ್ಚರ ಬೇಕು. 2021–26ರ ಅವಧಿಗೆ 15ನೇ ಹಣಕಾಸು ಆಯೋಗ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿದ್ದು, ಉಳಿದ ಶೇ. 40 ಭಾಗದಿಂದಲೂ ಸಂಬಳ ಕೊಡುವಂತಿರಲಿಲ್ಲ. ಚಾಲ್ತಿಯಲ್ಲಿರುವ ಆದೇಶವನ್ನು ಪಿಡಿಒ ಅವರಿಂದ ಓದಿಸಿಕೊಂಡೇ ಅಂದಾಜು ಪಟ್ಟಿ ಮಾಡಿ. ವಾರ್ಡ್ ಸಭೆಯಲ್ಲಿ ಬೇಡಿಕೆ ಬರಬೇಕು, ಗ್ರಾಮ ಸಭೆಯಲ್ಲಿ ಠರಾವು ಆಗಬೇಕು, ಪಂಚಾಯತಿಯ ಅಭಿವೃದ್ಧಿ ಯೋಜನೆಯಲ್ಲಿ ಸೇರಬೇಕು. ಅಭಿವೃದ್ಧಿ ಯೋಜನೆಯ ಒಂಬತ್ತು ವಿಷಯಗಳಲ್ಲಿ ಆರೋಗ್ಯಕರ ಗ್ರಾಮವೂ ಒಂದಾಗಿರುವುದರಿಂದ, ಅಕ್ಟೋಬರ್‌ನಲ್ಲಿ ಯೋಜನಾ ತಯಾರಿ ಆರಂಭವಾಗುವಾಗಲೇ ಠರಾವಿನಲ್ಲಿ ಆ ಹೆಸರನ್ನು ಬರೆಸಿರಿ.

ದೊಡ್ಡ ಮೊತ್ತ ಬೇಕಾದರೆ ಜಿಲ್ಲಾ ಆರೋಗ್ಯ ಕ್ರಿಯಾ ಯೋಜನೆಯಲ್ಲಿ ನಿಮ್ಮ ಕೆಲಸಕ್ಕೆ ಜಾಗ ಸಿಗಬೇಕು. ತಾಲ್ಲೂಕು ಆರೋಗ್ಯಾಧಿಕಾರಿಯವರ ಶಿಫಾರಸಿನೊಂದಿಗೆ ಜಿಲ್ಲಾ ಅಸಾಂಕ್ರಾಮಿಕ ರೋಗ ಘಟಕಕ್ಕೆ ಯೋಜನೆ ರೂಪುಗೊಳ್ಳುವ ಮೊದಲೇ ಪ್ರಸ್ತಾವನೆ ತಲುಪಿಸಿರಿ. ಅನುಮೋದನೆ ಬಂದ ಮೇಲೆ ಹೊಸದನ್ನು ಸೇರಿಸುವುದು ಬಹಳ ಕಷ್ಟ. ಸೇವಾ ಸಂಸ್ಥೆಗಳು ನೋಂದಣಿ, ಪ್ಯಾನ್, ಲೆಕ್ಕಪರಿಶೋಧನಾ ವರದಿಗಳು, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಗುರುತಿನ ಸಂಖ್ಯೆ ಇವುಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು. ಸಂಶೋಧನೆಯ ಉದ್ದೇಶವಿದ್ದರೆ ಗದಗದ ಜಿಮ್ಸ್ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ನಂತಹ ವೈದ್ಯಕೀಯ ಸಂಸ್ಥೆಯ ಸಹಭಾಗಿತ್ವವೂ ನೈತಿಕ ಸಮಿತಿಯ ಅನುಮತಿಯೂ ಬೇಕು.

ಅಂದಾಜು ಪಟ್ಟಿಯಲ್ಲಿ ಯಂತ್ರದ ಬೆಲೆಯನ್ನಷ್ಟೇ ಬರೆದು ಸಕ್ಕರೆ ಪರೀಕ್ಷೆಯ ಸ್ಟ್ರಿಪ್‌ಗಳು, ಬ್ಯಾಟರಿ, ಯಂತ್ರದ ನಿಖರತೆಯ ತಪಾಸಣೆ ಇವುಗಳನ್ನು ಬಿಟ್ಟರೆ ನಾಲ್ಕೇ ತಿಂಗಳಲ್ಲಿ ಕೆಲಸ ನಿಲ್ಲುತ್ತದೆ. ಮರುಕಳಿಸುವ ವೆಚ್ಚವನ್ನು ವರ್ಷವಿಡೀ ಲೆಕ್ಕ ಹಾಕಿರಿ. ಹಣ ಬಂದ ಮೇಲೆ ಪ್ರತ್ಯೇಕ ಲೆಕ್ಕಪುಸ್ತಕ, ದಾಸ್ತಾನು ವಹಿ, ದರಪಟ್ಟಿಗಳು, ಮೂಲ ಬಿಲ್ಲುಗಳು ಇರಲಿ. ರೋಗಿಗಳ ಹೆಸರನ್ನು ಸಭೆಯಲ್ಲಿ ಓದಬೇಡಿ, ಫಲಕದಲ್ಲಿ ಹಚ್ಚಬೇಡಿ. ವರ್ಷದ ಕೊನೆಗೆ ಹಣ ಬಳಕೆ ಪ್ರಮಾಣಪತ್ರದ ಜೊತೆಗೆ, ಆರಂಭದಲ್ಲಿ ಪಡೆದ ನಾಲ್ಕು ಅಂಕಿಗಳನ್ನು ಮತ್ತೆ ಪಡೆದು ಪಕ್ಕಪಕ್ಕದಲ್ಲಿ ಬರೆದು ಸಲ್ಲಿಸಿರಿ; ಹತೋಟಿಯಲ್ಲಿರುವವರ ಸಂಖ್ಯೆ ಏರದಿದ್ದರೆ ಅದನ್ನೂ ಮುಚ್ಚಿಡದೆ, ಕಾರಣವನ್ನೂ ಮುಂದಿನ ವರ್ಷದ ಬದಲಾವಣೆಯನ್ನೂ ಅದೇ ವರದಿಯಲ್ಲಿ ತಿಳಿಸಿ ಎರಡನೆಯ ವರ್ಷದ ಬೇಡಿಕೆಯನ್ನು ಸಲ್ಲಿಸಿರಿ.