ಎಂಜಿನ್ ಬದಲಿಸಿದ ಗಾಡಿ ಸಿಗ್ನಲ್‌ನಲ್ಲಿ ಆಫ್ ಆಗುತ್ತಿದೆಯೇ? ಅರ್ಥ್ ವೈರ್‌ನಿಂದ ಶುರು ಮಾಡಿ

ಹಳೆ ಕಾರ್ಬುರೇಟರ್ ಜಿಪ್ಸಿಗೆ ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರ್‌ನಿಂದ ಸಿಂಪಡಿಸುವ) ಎಂಜಿನ್ ಕೂರಿಸುವ ಆಸೆ ಕರಾವಳಿಯ ಗಾಡಿ ಹುಚ್ಚಿನವರಿಗೆ ಹೊಸದಲ್ಲ. 1985ರಲ್ಲಿ ಬಂದ ಮೊದಲ ಜಿಪ್ಸಿಯ ಎಂಜಿನ್ ಬರೀ 970 ಸಿಸಿ. ಘಾಟಿ ಹತ್ತುವಾಗ ಅದರ ಸಂಕಟ ನೋಡಿದವರಿಗೆ ಈ ಆಸೆ ಅರ್ಥವಾಗುತ್ತದೆ. ಎಂಜಿನ್ ಇಳಿಸಿ, ಮೌಂಟ್ ವೆಲ್ಡ್ ಮಾಡಿ ಕೂರಿಸುವ ಕೆಲಸ ಹೇಗೋ ಮುಗಿಯುತ್ತದೆ. ತಲೆನೋವು ಶುರುವಾಗುವುದು ಆಮೇಲೆ. ಐಡ್ಲಿಂಗ್, ಅಂದರೆ ಪೆಡಲ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ, ಸುಮ್ನೆ ಏರುತ್ತದೆ, ಇಳಿಯುತ್ತದೆ. ಹೆಡ್‌ಲೈಟ್ ಹಾಕಿದರೆ ಎಂಜಿನ್ ತಡವರಿಸುವ ಮಿಸ್ಸಿಂಗ್. ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಆಫ್.

ಹೆಚ್ಚಿನವರು ಇಂಥ ಹೊತ್ತಲ್ಲಿ ಸೀದಾ ಐಡ್ಲಿಂಗ್ ಏರಿಸಿ ಇಳಿಸುವ ಥ್ರಾಟಲ್ ಸ್ಕ್ರೂಗೆ ಕೈ ಹಾಕುತ್ತಾರೆ. ದಯವಿಟ್ಟು ಬೇಡ. ಎಂಜಿನ್ ಬದಲಿಸಿದ ಗಾಡಿಯಲ್ಲಿ ಐಡ್ಲಿಂಗ್ ತೊಂದರೆ ಅಂತ ಕಾಣುವುದರಲ್ಲಿ ಬಹಳಷ್ಟು ನಿಜಕ್ಕೂ ಕರೆಂಟಿನ ತೊಂದರೆ. ಒಂದು ಡಿಜಿಟಲ್ ಮಲ್ಟಿಮೀಟರ್, ಸೆಲ್ಫ್ ಹೊಡೆಯಲು ಒಬ್ಬ ಗೆಳೆಯ, ಎಂಜಿನ್ ಯಾವ ಕಾರಿನದ್ದೋ ಆ ಕಾರಿನ ವೈರಿಂಗ್ ಡಯಾಗ್ರಾಂ ಇಷ್ಟು ಇಟ್ಟುಕೊಳ್ಳಿ. ಡಯಾಗ್ರಾಂ ಇಲ್ಲದಿದ್ದರೆ ಅದು ಸಿಗುವ ತನಕ ಕಾಯುವುದೇ ಒಳ್ಳೆಯದು. ಬಣ್ಣ ನೋಡಿ ವೈರ್ ಜೋಡಿಸಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಎಂ, ಸುಡಬಹುದು.

ಮೊದಲು ಬ್ಯಾಟರಿ

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಬ್ಯಾಟರಿ ಚಾರ್ಜ್ ಮಾಡಿಸಿ, ಟರ್ಮಿನಲ್ ಉಜ್ಜಿ, ಮತ್ತೆ ನೋಡಿ. ಅದು ಸರಿಯಾಗದೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ.

ಇನ್ನು ಅರ್ಥ್

ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿಯೇ ಅರ್ಥ್. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ. ರಬ್ಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ? ಹಾಗಾಗಿ ಎಂಜಿನ್‌ನಿಂದ ಬಾಡಿಗೆ, ಎಂಜಿನ್‌ನಿಂದ ಬ್ಯಾಟರಿ ಮೈನಸ್‌ಗೆ ದಪ್ಪ ಅರ್ಥ್ ಪಟ್ಟಿ ಬೇಕೇ ಬೇಕು. ಎಂಜಿನ್ ಹತ್ತಿಸುವ ಗಡಿಬಿಡಿಯಲ್ಲಿ ಮರೆತು ಹೋಗುವ ವಸ್ತುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಪಟ್ಟಿ ಇಲ್ಲದಿದ್ದರೂ ಕೆಲವೊಮ್ಮೆ ಗಾಡಿ ಸ್ಟಾರ್ಟ್ ಆಗುತ್ತದೆ. ಯಾಕೆಂದರೆ ಕರೆಂಟ್ ಆ್ಯಕ್ಸಿಲರೇಟರ್ ಕೇಬಲ್ ಅಥವಾ ಕ್ಲಚ್ ಕೇಬಲ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ನಾಲ್ಕಾರು ಸಲ ಸೆಲ್ಫ್ ಹೊಡೆದು ಕೇಬಲ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ, ಅಥವಾ ಹೊರಗಿನ ಪ್ಲಾಸ್ಟಿಕ್ ಕರಗಿ ಅಂಟಿದ್ದರೆ, ಕಳ್ಳ ಸಿಕ್ಕಿದ ಹಾಗೆ.

ಕಣ್ಣಿಗೆ ಚೆನ್ನಾಗಿ ಕಾಣುವ ಪಟ್ಟಿಯನ್ನೂ ಅಳೆಯಿರಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಕೆಂಪು ಕಡ್ಡಿ ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಗೆಳೆಯ ಸೆಲ್ಫ್ ಹೊಡೆಯಲಿ. 0.2ರಿಂದ 0.3 ವೋಲ್ಟ್ ಬಂದರೆ ಪರವಾಗಿಲ್ಲ, 0.5 ದಾಟಿದರೆ ಬಿಚ್ಚಿ. ಮಲ್ಪೆ, ಪಣಂಬೂರು, ಸುರತ್ಕಲ್ ಕಡೆಯ ಗಾಡಿಗಳಲ್ಲಿ ಹೊರಗೆ ಬೋಲ್ಟ್ ಹೊಳೆಯುತ್ತಿದ್ದರೂ ಕ್ರಿಂಪ್ (ವೈರ್ ತುದಿಗೆ ಒತ್ತಿ ಹಿಡಿಸಿದ ಲೋಹದ ತುಣುಕು) ಒಳಗೆ ತಾಮ್ರ ಹಸಿರು ಪುಡಿಯಾಗಿರುತ್ತದೆ. ಇದು ಉಪ್ಪುಗಾಳಿಯ ಕೆಲಸ. ಬೋಲ್ಟ್ ಕೂರುವ ಜಾಗದ ಪೇಂಟ್ ಕೆರೆದು, ಹೊಸ ಪಟ್ಟಿ ಬಿಗಿದು, ಮೇಲೆ ವ್ಯಾಸಲೀನ್ ಅಥವಾ ಗ್ರೀಸ್ ಹಚ್ಚಿ.

ಐಡ್ಲಿಂಗ್‌ಗೂ ಅರ್ಥ್‌ಗೂ ಇರುವ ನಂಟು ಇಲ್ಲಿದೆ. ಪೆಡಲ್ ಎಷ್ಟು ಒತ್ತಿದೆ ಎಂದು ತಿಳಿಸುವ ಥ್ರಾಟಲ್ ಸೆನ್ಸರ್‌ಗೆ ಇಸಿಎಂ 5 ವೋಲ್ಟ್ ಕೊಡುತ್ತದೆ. ಪೆಡಲ್ ಬಿಟ್ಟಾಗ ಸೆನ್ಸರ್ ಸಾಮಾನ್ಯವಾಗಿ 0.5 ವೋಲ್ಟ್ ಹತ್ತಿರ ವಾಪಸ್ ಕಳಿಸುತ್ತದೆ. ಸೆನ್ಸರ್‌ನ ಅರ್ಥನ್ನು ಎಂಜಿನ್‌ಗೆ, ಇಸಿಎಂನ ಅರ್ಥನ್ನು ಬಾಡಿಗೆ ಹಾಕಿ, ನಡುವಿನ ಪಟ್ಟಿ ದುರ್ಬಲವಾಗಿದ್ದರೆ 0.3 ವೋಲ್ಟ್ ಹೆಚ್ಚುಕಮ್ಮಿ ಸುಲಭವಾಗಿ ಆಗಿಬಿಡುತ್ತದೆ. 0.5ರಲ್ಲಿ 0.3 ಅಂದರೆ ಸಣ್ಣದಲ್ಲ. ಕಾಲು ಪೆಡಲ್ ಮೇಲಿದೆಯೋ ಇಲ್ಲವೋ ಎಂಬುದೇ ಇಸಿಎಂಗೆ ತಿಳಿಯುವುದಿಲ್ಲ, ಐಡ್ಲಿಂಗ್ ಹಿಡಿಯುವುದು ಹೇಗೆ? ಸೆನ್ಸರ್ ಅರ್ಥ್ ಯಾವಾಗಲೂ ಇಸಿಎಂನ ಅದರದೇ ಪಿನ್‌ಗೆ ಹೋಗಬೇಕು. ಎಂಜಿನ್ ಓಡುತ್ತಿರುವಾಗ ಲೈಟ್, ಬ್ಲೋವರ್ ಎಲ್ಲ ಹಾಕಿ, ಇಸಿಎಂ ಅರ್ಥ್ ಪಿನ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆಯಿರಿ. 0.1 ವೋಲ್ಟ್ ಮೀರಬಾರದು.

ಕೀ ಬಿಟ್ಟಾಗ ಮಾತ್ರ ಸ್ಟಾರ್ಟ್ ಆಗುತ್ತಿದೆಯೇ?

ಸೆಲ್ಫ್ ತಿರುಗುವಾಗ ಏನೂ ಇಲ್ಲ, ಕೀ ಬಿಟ್ಟ ಕ್ಷಣ ಎಂಜಿನ್ ಹಿಡಿಯುತ್ತದೆ ಅಂದರೆ ಇಸಿಎಂನ ಕರೆಂಟನ್ನು ಆ್ಯಕ್ಸೆಸರಿ ಲೈನ್‌ನಿಂದ (ರೇಡಿಯೋದಂಥವುಗಳಿಗೆ ಕರೆಂಟ್ ಕೊಡುವ ಲೈನ್) ತೆಗೆದಿದ್ದೀರಿ ಅಂತ ಅರ್ಥ. ಸೆಲ್ಫ್ ಹೊಡೆಯುವಾಗ ಆ ಲೈನ್ ಕಟ್ ಆಗುತ್ತದೆ. ಆನ್ ಮತ್ತು ಸ್ಟಾರ್ಟ್ ಎರಡರಲ್ಲೂ ಜೀವಂತವಿರುವ ಇಗ್ನಿಷನ್ ಲೈನ್‌ಗೆ ಬದಲಿಸಿ. ಪೆಟ್ರೋಲ್ ಪಂಪ್‌ಗೆ ಪ್ರತ್ಯೇಕ ರಿಲೇ, ಫ್ಯೂಸ್, ದಪ್ಪ ವೈರ್ ಕೊಡಿ. ಕಾರ್ಬುರೇಟರ್ ಗಾಡಿಯ ಹಳೆ ತೆಳು ವೈರ್‌ನಲ್ಲಿ ಇಂಜೆಕ್ಷನ್ ಪಂಪ್ ಸೊರಗುತ್ತದೆ. ಹಳೆ ಪೆಟ್ರೋಲ್ ಪೈಪ್ ಕೂಡ ಬೇಡ, ಇಂಜೆಕ್ಷನ್ ಪ್ರೆಷರ್ ತಡೆಯುವ ಪೈಪೇ ಬೇಕು. ಇಲ್ಲಿ ಉಳಿತಾಯ ಮಾಡಿದರೆ ಬೆಂಕಿಯ ಭಯ.

ಚಾರ್ಜಿಂಗ್ ನೋಡುವುದು ಎರಡು ನಿಮಿಷದ ಕೆಲಸ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಒಮ್ಮೆ ರೇಸ್ ಕೊಟ್ಟ ಮೇಲಷ್ಟೇ ಚಾರ್ಜ್ ಶುರುವಾದರೆ ಮೀಟರ್ ಬೋರ್ಡಿನ ಬ್ಯಾಟರಿ ಬಲ್ಬ್ ನೋಡಿ. ಆ ಬಲ್ಬ್ ಮೂಲಕವೇ ಆಲ್ಟರ್ನೇಟರ್‌ಗೆ ಮೊದಲ ಕರೆಂಟ್ ಹೋಗುತ್ತದೆ. ಬಲ್ಬ್ ಸುಟ್ಟಿದ್ದರೂ, ಅಂದಕ್ಕೆ ಅಂತ ಎಲ್‌ಇಡಿ ಹಾಕಿದ್ದರೂ ಇದೇ ತೊಂದರೆ.

ಈಗ ಐಡ್ಲಿಂಗ್

ಇಷ್ಟಾದ ಮೇಲೂ ಐಡ್ಲಿಂಗ್ ಕುಣಿಯುತ್ತಿದ್ದರೆ ಚೆಕ್ ಎಂಜಿನ್ ಲೈಟ್ ಏನು ಹೇಳುತ್ತದೆ ನೋಡಿ. ಹಳೆ ಸುಜುಕಿ ಇಸಿಎಂಗಳಲ್ಲಿ ಡಯಾಗ್ನೋಸಿಸ್ ಪಿನ್ ಅರ್ಥ್ ಮಾಡಿದರೆ ಲೈಟ್ ಮಿನುಗಿ ಕೋಡ್ ತೋರಿಸುತ್ತದೆ. 12 ಬಂದರೆ ಇಸಿಎಂ ಪ್ರಕಾರ ಎಲ್ಲ ಸರಿ.

ಆಮೇಲೆ ಗಾಳಿ ಸೋರಿಕೆ. ಮ್ಯಾನಿಫೋಲ್ಡ್ ಅಂದರೆ ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆ. ಅದರೊಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್‌ಗೆ ಕಳ್ಳಗಾಳಿ ಹೋದರೆ ಐಡ್ಲಿಂಗ್ ಸಾಮಾನ್ಯವಾಗಿ ಜಾಸ್ತಿಯಾಗುತ್ತದೆ. ಗಾಳಿಯ ಹರಿವನ್ನು ಅಳೆಯುವ ಸೆನ್ಸರ್ ಇರುವ ಎಂಜಿನ್‌ನಲ್ಲಿ ಗಾಳಿಗೆ ತಕ್ಕ ಪೆಟ್ರೋಲ್ ಸಿಗದೆ ನಡುಗುತ್ತದೆ. ಬ್ರೇಕ್ ಬೂಸ್ಟರ್ ಪೈಪ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಮುಚ್ಚದೆ ಬಿಟ್ಟ ಸಣ್ಣ ನಳಿಗೆಗಳು, ಇವೇ ಸಾಮಾನ್ಯ ಜಾಗಗಳು. ಪೈಪುಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆಲ್ಲಗೆ ಒತ್ತಿ. ಆರ್‌ಪಿಎಂ ಬದಲಾದ ಕಡೆ ಸೋರಿಕೆ ಇರಬಹುದು. ಬಿಸಿ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಹುಡುಕುವ ಪದ್ಧತಿ ನನಗೆ ಇಷ್ಟವಿಲ್ಲ.

ಐಡ್ಲಿಂಗ್‌ಗೆ ಬೇಕಾದ ಗಾಳಿ ಬಿಡುವ ಐಡಲ್ ಕಂಟ್ರೋಲ್ ವಾಲ್ವ್ ಬಿಚ್ಚಿ ಕಿಟ್ಟ ತೊಳೆಯಿರಿ. ಕೂಲಂಟ್ ಸೆನ್ಸರ್‌ನ ರೆಸಿಸ್ಟೆನ್ಸ್ ಅಳೆಯಿರಿ. ಸುಜುಕಿಯ ಸೆನ್ಸರ್ ತಣ್ಣಗಿದ್ದಾಗ ಸುಮಾರು 2 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತದೆ. ರೇಡಿಯೇಟರ್ ಲೈನ್‌ನಲ್ಲಿ ಗಾಳಿ ಕಟ್ಟಿದ್ದರೂ ಸೆನ್ಸರ್‌ಗೆ ನೀರು ತಾಗದೆ ಎಂಜಿನ್ ತಣ್ಣಗಿದೆ ಅಂತ ಇಸಿಎಂ ತಿಳಿದು ಪೆಟ್ರೋಲ್ ಸುರಿಯುತ್ತದೆ.

ಗಾಡಿ ನಿಲ್ಲಿಸುವಾಗ ಮಾತ್ರ ಆಫ್ ಆಗುತ್ತದೆಯೇ? ಸ್ಪೀಡ್ ಸೆನ್ಸರ್ ವೈರ್ ಜೋಡಿಸಿದ್ದೀರಾ ನೋಡಿ. ಲೈಟ್, ಎಸಿ ಹಾಕಿದಾಗ ಆಫ್ ಆಗುತ್ತದೆ ಅಂದರೆ ಇಸಿಎಂಗೆ ಲೋಡ್ ತಿಳಿಸುವ ವೈರ್‌ಗಳು ಗಾಳಿಯಲ್ಲಿ ನೇತಾಡುತ್ತಿರಬಹುದು. ಎಂಜಿನ್ ಓಡುತ್ತದಲ್ಲ ಅಂತ ಇವನ್ನು ಟೇಪ್ ಸುತ್ತಿ ಬಿಟ್ಟಿರುತ್ತಾರೆ.

ಜೂನ್ ಬರುವ ಮೊದಲು ಹೊಸ ಜಾಯಿಂಟ್‌ಗಳನ್ನೆಲ್ಲ ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ನಮ್ಮ ಮಳೆಗೆ ಬಾಳುವುದಿಲ್ಲ. ಇಸಿಎಂ ಕಾಲಡಿಯಲ್ಲಿ ಬೇಡ, ಮೇಲೆ ಒಣ ಜಾಗದಲ್ಲಿರಲಿ. ಎಂಜಿನ್ ನಂಬರ್ ಬದಲಾವಣೆಗೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಸೇರಿಸದೆ ರಸ್ತೆಗೆ ಇಳಿಯಬೇಡಿ.

ಕೊನೆಗೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೆಡ್‌ಲೈಟ್, ವೈಪರ್, ಎಸಿ ಮೂರೂ ಹಾಕಿ, ಹಾರ್ನೆಸ್ಸನ್ನು (ವೈರ್‌ಗಳ ಕಟ್ಟನ್ನು) ಅಲ್ಲಲ್ಲಿ ಹಿಡಿದು ಅಲುಗಾಡಿಸಿ. ಎಲ್ಲ ಆಫ್ ಇದ್ದಾಗ 800ರಿಂದ 900ರಲ್ಲಿ ನಿಂತ ಆರ್‌ಪಿಎಂ ಆಗ ಒಂದು ಕ್ಷಣ ಕುಗ್ಗಿ ಮತ್ತೆ ಹತ್ತಿ ನಿಲ್ಲಬೇಕು. ಎಸಿಗೆ ಸ್ವಲ್ಪ ಮೇಲೆ ನಿಂತರೆ ಅದು ಸಹಜ. ಯಾವುದೋ ಒಂದು ಕಡೆ ಅಲುಗಾಡಿಸಿದಾಗ ಸೂಜಿ ಕುಣಿದರೆ ಅಲ್ಲೇ ಟೇಪ್ ಬಿಚ್ಚಿ ನೋಡಿ.